ಒಂಬತ್ತು ಸೆಂಟಿಮೀಟರ್ ಮಳೆ

ವಿಜ್ಞಾನದ ಸುದ್ದಿಯ ಬಗ್ಗೆ ಅಭಿಪ್ರಾಯವಿಲ್ಲದ ಮನುಷ್ಯನನ್ನು ನಾನು ಇದುವರೆಗೆ ಕಂಡಿಲ್ಲ. ಸಾರಿಗೆ ಉಪ್ಪು ಎಷ್ಟು ಹಾಕಬೇಕು ಎಂದು ಕೇಳಿದರೆ ನಮ್ಮ ಜನ ಸ್ವಲ್ಪ ಯೋಚಿಸಿ ಉತ್ತರ ಕೊಡುತ್ತಾರೆ. ಉಪಗ್ರಹ ಬೀಳದೆ ಆಕಾಶದಲ್ಲಿ ಹೇಗೆ ನಿಂತಿದೆ ಎಂದು ಕೇಳಿದರೆ ಯೋಚನೆಯ ಗೊಡವೆಗೇ ಹೋಗುವುದಿಲ್ಲ. ಎಪ್ಪತ್ತರ ದಶಕ ಮುಗಿದು ಎಂಬತ್ತು ಶುರುವಾಗುವ ಹೊತ್ತಿಗೆ ನಾನು ದೇವದುರ್ಗದಲ್ಲಿ ಗುಮಾಸ್ತನಾಗಿದ್ದೆ. ಮಧ್ಯಾಹ್ನದ ಬಸ್ಸಿಗೆ ರಾಯಚೂರಿನಿಂದ ಪತ್ರಿಕೆ ಬರುತ್ತಿತ್ತು. ಸಂಜೆ ಐದಕ್ಕೆ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಅದರ ವಿಚಾರಣೆ ನಡೆಯುತ್ತಿತ್ತು. ಉಪಗ್ರಹ ಮೋಡಗಳ ಫೋಟೋ ತೆಗೆಯುತ್ತದೆ ಎಂಬ ಸುದ್ದಿ ಬಂದ ದಿನ, ಮಳೆ ಕಡಿಮೆಯಾಗಿದ್ದು ಇದರಿಂದಲೇ ಎಂದು ತೀರ್ಮಾನವಾಯಿತು. ಫೋಟೋ ತೆಗೆಸಿಕೊಂಡ ಮೇಲೆ ಯಾರಾದರೂ ಅಲ್ಲೇ ನಿಂತಿರುತ್ತಾರೆಯೇ, ಎದ್ದು ಹೋಗುತ್ತಾರೆ, ಹಾಗೆಯೇ ಮೋಡವೂ ಹೋಗುತ್ತದೆ ಎಂಬುದು ವಾದ. ಕೀಲಿ ಕೊಡುವ ಅಗತ್ಯವಿಲ್ಲದ ಹೊಸ ಗಡಿಯಾರಗಳ ಬಗ್ಗೆ, ಗಡಿಯಾರ ರಿಪೇರಿಯ ಖಾಜಾಸಾಬ ಆಗಲೇ ತೀರ್ಪು ಕೊಟ್ಟಾಗಿತ್ತು: ದಿನಾ ಕೀಲಿ ಕೊಡದಿದ್ದರೆ ಗಡಿಯಾರಕ್ಕೆ ತನ್ನ ಮಾಲೀಕ ಯಾರು ಎನ್ನುವುದೇ ಮರೆತುಹೋಗುತ್ತದೆ. ಇಂಥ ಸಭೆಯಲ್ಲಿ ಕೊನೆಯ ಮಾತು ನನ್ನದಾಗಿತ್ತು. ನಾನು ರಾಯಚೂರಿನ ಕಾಲೇಜಿನಲ್ಲಿ ವಿಜ್ಞಾನ ಓದಿದವನು. ಓದಿ ಏನಾಯಿತು ಎಂದು ಅವರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ನಾನಿದ್ದ ಕಚೇರಿಯ ಅಂಗಳದಲ್ಲಿ ಒಂದು ಮಳೆಮಾಪಕವಿತ್ತು, ಅದು ನನ್ನ ಸುಪರ್ದಿಯಲ್ಲಿತ್ತು. ಹೆಸರು ಕೇಳಿ ದೊಡ್ಡ ಯಂತ್ರವೆಂದುಕೊಳ್ಳಬೇಡಿ. ಮೇಲೊಂದು ಲಾಳಿಕೆ, ಒಳಗೊಂದು ಬಾಟಲಿ, ಜೊತೆಗೆ ಗೆರೆ ಹಾಕಿದ ಅಳತೆಯ ಗ್ಲಾಸು, ಸುತ್ತ ಆಡು ನುಗ್ಗದ ಹಾಗೆ ಮುಳ್ಳುತಂತಿ, ಇಷ್ಟೇ. ಬೆಳಿಗ್ಗೆ ಎಂಟೂವರೆಗೆ ಬಾಟಲಿಯ ನೀರನ್ನು ಗ್ಲಾಸಿಗೆ ಸುರಿದು, ಗೆರೆ ನೋಡಿ, ಪುಸ್ತಕದಲ್ಲಿ ಬರೆದು, ಮಳೆ ಬಿದ್ದಿದ್ದರೆ ಮೇಲಿನವರಿಗೆ ತಂತಿ ಕಳಿಸಬೇಕು. ಬೀಳದಿದ್ದರೆ ಸೊನ್ನೆ ಬರೆಯಬೇಕು. ನಮ್ಮ ಸೀಮೆಯಲ್ಲಿ ಸೊನ್ನೆ ಬರೆಯುವ ಕೆಲಸವೇ ಹೆಚ್ಚು, ಅದರಲ್ಲಿ ನನ್ನ ಕೈ ಚೆನ್ನಾಗಿ ಪಳಗಿತ್ತು. ಮಾಪಕಕ್ಕೆ ಆಗಾಗ ಎಣ್ಣೆ ಬಿಡಬೇಕು ಎಂದು ಖಾಜಾಸಾಬ ಸಲಹೆ ಕೊಟ್ಟ. ಅದರಲ್ಲಿ ತಿರುಗುವ ಭಾಗ ಒಂದೂ ಇಲ್ಲವೆಂದು ನಾನು ವಿವರಿಸಿದಾಗ, ಹಾಗಿದ್ದರೆ ಅದು ನಿಂತುಹೋಗಿ ಬಹಳ ವರ್ಷವಾಗಿರಬೇಕು ಎಂದು ಬೇಸರಪಟ್ಟುಕೊಂಡ.

ನನ್ನ ಮದುವೆಯಾದದ್ದು ಕೂಡ ಈ ಗ್ಲಾಸಿನ ಪುಣ್ಯದಿಂದಲೇ. ಮಾವ ಮಲ್ಲಪ್ಪ ಮೇಸ್ತ್ರಿ ಮಾನ್ವಿಯವರು. ಕಾಲುವೆ, ರಸ್ತೆಗಳ ಕೆಲಸದಲ್ಲಿ ಇಂಜಿನಿಯರುಗಳ ಎದುರು ಟೇಪಿನ ಒಂದು ತುದಿ ಹಿಡಿದು ನಲವತ್ತು ವರ್ಷ ನಿಂತವರು. ಟೇಪಿನ ಮೇಲಿನ ಅಂಕಿ ಅವರಿಗೆ ದೇವರ ಮಾತು. ಹೆಣ್ಣು ನೋಡಲು ಹೋದಾಗ ಅವರು ನನ್ನ ಸಂಬಳವನ್ನಾಗಲಿ ಆಸ್ತಿಯನ್ನಾಗಲಿ ಕೇಳಲಿಲ್ಲ. ಮಳೆ ಅಳೆಯುವ ಕೆಲಸದ ಬಗ್ಗೆ ಒಂದು ತಾಸು ಕೇಳಿದರು. ಲಾಳಿಕೆಯ ಬಾಯಿ ಎಷ್ಟು ಅಗಲ, ಗೆರೆ ನೋಡುವಾಗ ಕಣ್ಣು ಎಲ್ಲಿರಬೇಕು, ಎಲ್ಲವನ್ನೂ. ಕೊನೆಗೆ ಒಳಮನೆಯ ಕಡೆ ತಿರುಗಿ, "ಹುಡುಗ ಅಳತಿ ಮನಷ್ಯಾ ಇದ್ದಾನ. ಅಳತಿ ಮನಷ್ಯಾ ಸುಳ್ಳು ಹೇಳಿದ್ರ ಗ್ವಾಡಿ ಬೀಳತದ, ಅದಕ್ಕ ಹೇಳಂಗಿಲ್ಲ," ಎಂದು ಒಪ್ಪಿಗೆ ಕೊಟ್ಟರು. ನನ್ನಲ್ಲಿ ಅವರಿಗೆ ಕಂಡ ಗುಣ ಅದೊಂದೇ. ಬೇರೆ ಯಾವುದೂ ಇಲ್ಲದ್ದರಿಂದ ಅವರನ್ನು ದೂಷಿಸುವಂತಿಲ್ಲ. ಮದುವೆಯಾದ ಮೇಲೆ ಸಂಜೆಯ ರೇಡಿಯೋದಲ್ಲಿ ಮಳೆಯ ವರದಿ ಬರುವಾಗ ಅವರು ಯಾರನ್ನೂ ಮಾತಾಡಗೊಡುತ್ತಿರಲಿಲ್ಲವಂತೆ. ಫೋನಿಲ್ಲದ ಕಾಲ, ಮಾನ್ವಿಯಲ್ಲಿ ಕೂತವರಿಗೆ ದೇವದುರ್ಗದಲ್ಲಿರುವ ಮಗಳ ಮನೆಯ ಸುದ್ದಿ ಸಿಗುತ್ತಿದ್ದದ್ದು ಹಬ್ಬಕ್ಕೊಂದು ಕಾಗದದಲ್ಲಿ ಮತ್ತು ಮಳೆಗಾಲದ ಈ ಅಂಕಿಗಳಲ್ಲಿ.

ಆದರೆ ರೇಡಿಯೋದವರು ಎಲ್ಲ ಊರುಗಳ ಹೆಸರನ್ನೂ ಓದುತ್ತಿರಲಿಲ್ಲ. ಲೆಕ್ಕಕ್ಕೆ ಬರುವಷ್ಟು ಮಳೆಯಾದ ಊರುಗಳನ್ನು ಮಾತ್ರ ಓದುತ್ತಿದ್ದರು. ಆ ವರ್ಷ ಮಾನ್ವಿಯ ಹೆಸರು ಮತ್ತೆ ಮತ್ತೆ ಬಂತು, ನಾಲ್ಕು ಸೆಂಟಿಮೀಟರ್, ಆರು ಸೆಂಟಿಮೀಟರ್. ನಮ್ಮ ಊರಿನ ಹೆಸರು ಒಮ್ಮೆಯೂ ಬರಲಿಲ್ಲ. ಚಹಾದಂಗಡಿಯ ಸಭೆಗೆ ಇದು ಸಹಿಸಲಾಗದ ಮಾತಾಯಿತು. ಮಾನ್ವಿಯವರ ಲಾಳಿಕೆ ದೊಡ್ಡದಿರಬೇಕು ಎಂದರು ಕೆಲವರು. ಅಲ್ಲಿಯ ಗುಮಾಸ್ತ ಹುಷಾರಿ ಇದ್ದಾನೆ ಎಂದು ಇನ್ನು ಕೆಲವರು ನನ್ನ ಕಡೆ ನೋಡುತ್ತ ಹೇಳಿದರು. ಹೆಂಡತಿಯ ಊರಿನ ಮುಂದೆ ನಾನೇ ಬೇಕೆಂದು ಸೋಲುತ್ತಿದ್ದೇನೆ ಎಂಬ ಮಾತೂ ಹಿಂದಿನಿಂದ ಕೇಳಿಸಿತು. ನನ್ನ ಚಹಾ ತಣ್ಣಗೆ ಬರತೊಡಗಿತು. ಖಾಜಾಸಾಬ ಒಬ್ಬನೇ ನನ್ನ ಭುಜದ ಮೇಲೆ ಕೈಯಿಟ್ಟು, "ಸಾಬ್, ನೀವು ಮನಸ್ಸು ಮಾಡ್ರಿ, ಮಳಿ ತಾನಾ ಬರತದ," ಎಂದ. ವಿಜ್ಞಾನದ ದೃಷ್ಟಿಯಿಂದ ಆ ಮಾತಿಗೆ ಅರ್ಥವಿರಲಿಲ್ಲ. ಆದರೂ ನನ್ನ ತಲೆಯಲ್ಲಿ ಕೂತಿತು.

ಅದಾಗಿ ಎರಡು ದಿನಕ್ಕೆ ಸಂಜೆ ಒಂದು ಮಳೆ ಬಂತು. ಬೀದಿಯ ಧೂಳು ಅಡಗಿತು, ಎಮ್ಮೆಗಳ ಬೆನ್ನು ತೊಳೆದಂತಾಯಿತು, ಅಷ್ಟೇ. ಬೆಳಿಗ್ಗೆ ಗ್ಲಾಸಿಗೆ ಸುರಿದು ನೋಡಿದೆ, ಒಂಬತ್ತು ಮಿಲಿಮೀಟರ್. ಒಂದು ಸೆಂಟಿಮೀಟರಿಗೂ ಕಡಿಮೆ, ರೇಡಿಯೋದವರು ಕಣ್ಣೆತ್ತಿಯೂ ನೋಡದ ಅಂಕಿ. ಲೇಖನಿ ಹಿಡಿದು ಬಹಳ ಹೊತ್ತು ಕೂತೆ. ಆಮೇಲೆ ಪುಸ್ತಕದಲ್ಲೂ ತಂತಿಯಲ್ಲೂ ಒಂಬತ್ತು ಸೆಂಟಿಮೀಟರ್ ಆಗುವ ಹಾಗೆ ಬರೆದುಬಿಟ್ಟೆ. ಒಂಬತ್ತು ಎಂಬ ಅಂಕಿ ನಿಜವಾದದ್ದೇ, ಅದನ್ನು ನಾನು ಮುಟ್ಟಿಲ್ಲ, ಅದರ ಜೊತೆಯ ಅಳತೆ ಸ್ವಲ್ಪ ಬದಲಾಗಿದೆ ಎಂದು ನನ್ನ ಮನಸ್ಸಿಗೆ ನಾನೇ ಸಮಾಧಾನ ಹೇಳಿಕೊಂಡೆ. ಕಾಲೇಜಿನಲ್ಲಿ ನಾನು ಯಾಕೆ ಪಾಸಾಗಲಿಲ್ಲ ಎನ್ನುವುದು ಓದುಗರಿಗೆ ಈಗ ತಿಳಿದಿರಬಹುದು.

ಅಂದು ಸಂಜೆ ರೇಡಿಯೋದಲ್ಲಿ ಆ ದಿನದ ಪಟ್ಟಿ ಶುರುವಾದದ್ದೇ ದೇವದುರ್ಗದಿಂದ. ಚಹಾದಂಗಡಿಯಲ್ಲಿ ಎಲ್ಲರೂ ರೇಡಿಯೋದ ಕಡೆ ತಿರುಗಿದರು. ಹಿಂದಿನ ಸಂಜೆ ಅದೇ ಬೆಂಚಿನ ಮೇಲೆ ಕೂತು, ಇಷ್ಟೇನಾ ಮಳೆ ಎಂದು ಆಡಿಕೊಂಡವರು ಅವರೇ. ಈಗ ಒಬ್ಬರ ಮುಖವನ್ನೊಬ್ಬರು ನೋಡಿದರು. ಒಬ್ಬ ನಿಧಾನವಾಗಿ, ಸುರಿದದ್ದು ಒಂದು ಬಗೆಯ ದಪ್ಪ ಹನಿ, ಮೇಲೆ ಕಾಣುವುದಿಲ್ಲ, ಅಳೆದಾಗಲೇ ಗೊತ್ತಾಗುವುದು ಎಂದ. ಎಲ್ಲರೂ ಒಪ್ಪಿದರು. ನನಗೆ ಹೊಗೆಯಾಡುವ ಚಹಾ ಬಂತು. ನಾನು ಮನೆಗೆ ಬಂದಾಗ ಹೆಂಡತಿ ಗಿರಿಜಾ ಮಾತ್ರ ರೇಡಿಯೋ ಬಂದ್ ಮಾಡಿ, ನನ್ನನ್ನು ಒಮ್ಮೆ ನೋಡಿ, ರೊಟ್ಟಿ ಬಡಿಯಲು ಹೋದಳು. ಅಂದು ರೊಟ್ಟಿಯ ಸದ್ದು ಎಂದಿಗಿಂತ ಜೋರಾಗಿತ್ತು.

ಮರುದಿನ ಬೆಳಿಗ್ಗೆ ನಾನು ಪುಸ್ತಕದಲ್ಲಿ ಸೊನ್ನೆ ಬರೆದು ಬಸ್ ನಿಲ್ದಾಣದ ಮುಂದೆ ಬರುತ್ತಿದ್ದೆ. ಸಿರವಾರದ ಕಡೆಯಿಂದ ಬಂದ ಬಸ್ಸಿನ ಮೇಲಿಂದ ಎರಡು ಚೀಲಗಳನ್ನು ಇಳಿಸುತ್ತಿದ್ದರು. ಕೆಳಗೆ ರುಮಾಲು ಸುತ್ತಿಕೊಂಡು, ಕಂಕುಳಲ್ಲಿ ಸಲಿಕೆ ಇಟ್ಟುಕೊಂಡು ನಿಂತಿದ್ದವರು ನನ್ನ ಮಾವ. ಚೀಲದಲ್ಲಿದ್ದದ್ದು ಸವಳು ಮಣ್ಣು. ನಮ್ಮ ಕಡೆಯ ಮಣ್ಣಿನ ಚಾವಣಿಯ ಮಾಳಿಗೆ ಮನೆಗಳಿಗೆ ಪ್ರತಿವರ್ಷ ಮೇಲೆ ಈ ಮಣ್ಣು ಹಾಕಿ ಬಡಿಯದಿದ್ದರೆ ಮಳೆಗಾಲದಲ್ಲಿ ಒಳಗೂ ಹೊರಗೂ ಒಂದೇ. ನಾವು ಬಾಡಿಗೆಗಿದ್ದ ಮನೆ ಹಿಂದಿನ ವರ್ಷ ಸೋರಿತ್ತು, ಅದೂ ಸರಿಯಾಗಿ ಈಗ ನಮ್ಮ ಮಗಳ ತೊಟ್ಟಿಲು ಇರುವ ಮೂಲೆಯಲ್ಲಿ. ಮಾವ ರೇಡಿಯೋ ಕೇಳಿದವರೇ ಗೋಡೆಯ ಮೇಲೆ ಸುಣ್ಣದಿಂದ ಲೆಕ್ಕ ಹಾಕಿದ್ದಾರೆ. ಒಂಬತ್ತು ಸೆಂಟಿಮೀಟರ್ ಅಂದರೆ ಮೂರೂವರೆ ಇಂಚು. ಮೂರೂವರೆ ಇಂಚಿಗೆ ಆ ಮಾಳಿಗೆ ನಿಲ್ಲುವುದಿಲ್ಲ. ರಾತ್ರಿಯೆಲ್ಲ ನಿದ್ದೆಯಿಲ್ಲ, ಮೊದಲ ಬಸ್ಸಿಗೆ ಹೊರಟಿದ್ದಾರೆ. ಸಿರವಾರದಲ್ಲಿ ಬಸ್ಸು ಬದಲಿಸುವಾಗ ಹಮಾಲ ಚೀಲ ಎತ್ತಿ, ಮಣ್ಣು ಹೊತ್ತುಕೊಂಡು ಹೋಗುತ್ತೀರಲ್ಲ, ದೇವದುರ್ಗದಲ್ಲಿ ಮಣ್ಣಿಲ್ಲವೇ ಎಂದು ಕೇಳಿದನಂತೆ. "ಎಲ್ಲಿ ಇರತದೋ ತಮ್ಮಾ, ಎಲ್ಲಾ ಕೊಚಗೊಂಡು ಹೋಗ್ಯದ. ರೇಡಿಯೋ ಕೇಳಿಲ್ಲೇನು?" ಎಂದು ಮಾವ ಅವನಿಗೆ ಬುದ್ಧಿ ಹೇಳಿದರಂತೆ.

ಇದನ್ನೆಲ್ಲ ಅವರು ನನಗೆ ಹೇಳುವಾಗ ಬಸ್ಸು ಹೊರಟಿತು, ಎಬ್ಬಿಸಿದ ಧೂಳು ಇಬ್ಬರ ಮುಖಕ್ಕೂ ಬಡಿಯಿತು. ಮಾವ ಕಣ್ಣೊರೆಸಿಕೊಂಡು ನೆಲ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅನುಮಾನ ಎಳ್ಳಷ್ಟೂ ಇರಲಿಲ್ಲ, ತಿಳಿದುಕೊಳ್ಳುವ ಆಸೆ ಇತ್ತು. ಆಗಲಾದರೂ ನಾನು ನಿಜ ಹೇಳಬಹುದಿತ್ತು. ಬದಲಿಗೆ, ಕೆಲವು ಮೋಡಗಳು ಚಿಕ್ಕ ಜಾಗದ ಮೇಲೆ ಮಾತ್ರ ಸುರಿಯುತ್ತವೆ, ಮೊನ್ನೆಯದು ಹೆಚ್ಚಾಗಿ ನಮ್ಮ ಕಚೇರಿಯ ಅಂಗಳದ ಮೇಲೆ ಸುರಿಯಿತು ಎಂದು ವಿಜ್ಞಾನದ ಮಾತಿನಲ್ಲಿ ವಿವರಿಸಿದೆ. ಅವರು ತಲೆದೂಗಿ, ಕಾಲುವೆ ಕೆಲಸದಲ್ಲೂ ಹೀಗೆ ಒಂದು ಕಡೆ ಬಂಡೆ, ಒಂದು ಕಡೆ ಮಣ್ಣು ಸಿಗುತ್ತಿತ್ತು ಎಂದರು. ನಂಬಿದರು. ನಂಬದೆ ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಚಹಾ ಕುಡಿಸೋಣವೆಂದು ಅಂಗಡಿಗೆ ಕರೆದುಕೊಂಡು ಹೋದದ್ದು ಎರಡನೆಯ ತಪ್ಪು. ಮಾನ್ವಿಯವರು ಎಂದು ಗೊತ್ತಾದ ಕೂಡಲೇ ಇಡೀ ಸಭೆ ಊರಿನ ಮಾನಕ್ಕೆ ಟೊಂಕ ಕಟ್ಟಿ ನಿಂತಿತು. ಎಂಥಾ ಮಳೆ ಅದು ಎಂದು ಒಬ್ಬ ಶುರುಮಾಡಿದ. ಇನ್ನೊಬ್ಬನ ಕಟ್ಟಿಗೆ ತೇಲಿಹೋಗಿದ್ದವು. ಖಾಜಾಸಾಬ ತನ್ನ ಅಂಗಡಿಯಲ್ಲಿ ಗೋಡೆಗಡಿಯಾರಗಳ ಲೋಲಕದವರೆಗೆ ನೀರು ಬಂದಿತ್ತು ಎಂದ. ಮಾವ ಒಬ್ಬೊಬ್ಬರ ಮಾತನ್ನೂ ಕಾಳಜಿಯಿಂದ ಕೇಳಿ, ಲೋಲಕ ನೆಲದಿಂದ ಎಷ್ಟು ಎತ್ತರ ಎಂದು ವಿಚಾರಿಸಿದರು. ಮಳೆ ಅಂಗಳದ ಮೇಲೆ ಮಾತ್ರ ಬಿತ್ತು ಎಂದು ಅಳಿಯ ಹೇಳಿದ್ದಾನೆ, ಅಂಗಡಿಯಲ್ಲಿದ್ದವರು ಊರೆಲ್ಲ ತೇಲಿತು ಎನ್ನುತ್ತಾರೆ. ನೆಲ ನೋಡಿದರೆ ಒಣಗಿದೆ. ಅವರ ಹುಬ್ಬು ಸ್ವಲ್ಪ ಕೂಡಿದ್ದು ಕಂಡು ನಾನು ಚಹಾದ ದುಡ್ಡು ಕೊಟ್ಟು ಅವರನ್ನು ಎಬ್ಬಿಸಿದೆ.

ಮನೆಗೆ ಬಂದರು. ತೊಟ್ಟಿಲನ್ನು ನೋಡಿದರು, ಅದರ ಮೇಲಿನ ತೊಲೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು, ಒಣಗಿದ್ದವು. ಗಿರಿಜಾ ತಂದೆಯ ಮುಂದೆ ನೀರಿನ ತಂಬಿಗೆ ಇಟ್ಟಳು. ಅವರು ಕೇಳಿರಲಿಲ್ಲ, ನಾನು ಬಾಗಿಲಲ್ಲೇ ನಿಂತಿದ್ದೆ. ಆಕೆಯೇ ಹೇಳಿದಳು: "ಯಪ್ಪಾ, ಅವತ್ತು ಅಂಗಳದಾಗ ಬಕೀಟ ಇಟ್ಟಿದ್ದೆ. ಅದರಾಗ ಒಂದು ಬೆರಳು ಅಗಲ ಸುದ್ದ ನೀರು ಬಿದ್ದಿದ್ದಿಲ್ಲ."

ಮಾವ ತಂಬಿಗೆ ಎತ್ತಿ ನೀರು ಕುಡಿದು ಕೆಳಗಿಟ್ಟರು. ನಾನು ನಾಚಿಕೆಯಿಂದ ಕುಗ್ಗಿಹೋದೆ. ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದೆ, ಅವರು ಬೈಯಲಿಲ್ಲ. "ನಲವತ್ತು ವರ್ಷ ಟೇಪಿನ ಈ ತುದಿ ಹಿಡದೀನಿ," ಎಂದರು. "ಆ ತುದಿ ಹಿಡದಾವ ಪುಸ್ತಕದಾಗ ಏನ್ ಬರದ ಅಂತ ಒಂದು ದಿನಾ ಎದ್ದು ಹೋಗಿ ನೋಡಿಲ್ಲ. ಬರೋಬ್ಬರಿ ಬರದಿರತಾನ ಅಂತ ತಿಳಕೊಂಡೀನಿ." ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ನಲವತ್ತು ವರ್ಷದ ಕಾಲುವೆಗಳನ್ನೆಲ್ಲ ಅವರು ಈಗ ಮೊದಲ ಸಲ ಎದ್ದು ಹೋಗಿ ನೋಡುತ್ತಿರುವಂತೆ ಕಂಡಿತು. ಅದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ಆಮೇಲೆ ಅವರು ರುಮಾಲು ಬಿಚ್ಚಿಟ್ಟು, ನಿಚ್ಚಣಿಕೆ ಹಾಕಿ ಮಾಳಿಗೆ ಹತ್ತಿದರು. ಮಣ್ಣು ತಂದಾಗಿದೆ, ಮಳೆ ಇಂದಲ್ಲ ನಾಳೆ ಬಂದೇ ಬರುತ್ತದೆ ಎಂದರು. ಬುಟ್ಟಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ಕೊಡುವ ಕೆಲಸ ನನ್ನದಾಯಿತು. ವಿಜ್ಞಾನ ಓದಿದ ಕುತ್ತಿಗೆಗೆ ಆ ಅಭ್ಯಾಸವಿರಲಿಲ್ಲ. ಆರನೆಯ ಬುಟ್ಟಿಯಾದ ಮೇಲೆ, ಇಷ್ಟು ಸಾಕಲ್ಲವೇ ಎಂದು ಕೆಳಗಿನಿಂದ ಕೇಳಿದೆ. ಮೇಲಿನಿಂದ ಒಂದೇ ಮಾತು ಬಂತು: "ಒಂಬತ್ತು ಬರದೀರಲ್ಲ, ಒಂಬತ್ತು ಹೊರ್ರಿ." ಬಾಗಿಲ ಮರೆಯಲ್ಲಿ ಗಿರಿಜಾ ನಕ್ಕದ್ದು ಕೇಳಿಸಿತು. ಆ ಬೆಳಿಗ್ಗೆ ಮನೆಯಲ್ಲಿ ಮೊದಲು ಕೇಳಿದ ನಗು ಅದು, ನನಗೆ ಹೋದ ಜೀವ ಬಂತು.

ಸಂಜೆಯ ಬಸ್ಸಿಗೆ ಅವರನ್ನು ಹತ್ತಿಸಿದ ಮೇಲೆ ತಿದ್ದುಪಡಿಯ ಕಾಗದ ಬರೆದೆ. ಅದನ್ನು ಓದಿ ಯಾರಾದರೂ ನನ್ನ ಒಂಬತ್ತನ್ನು ಹೊಡೆದುಹಾಕಿದರೋ ಇಲ್ಲವೋ ಇಂದಿಗೂ ತಿಳಿಯದು. ಹೊಡೆಯದಿದ್ದರೆ ದೇವದುರ್ಗದ ಸರಾಸರಿ ಮಳೆ ಎಂದು ದೊಡ್ಡವರು ಹೇಳುವ ಅಂಕಿಯಲ್ಲಿ ನನ್ನದೂ ಒಂದಿಷ್ಟು ಸುರಿಯುತ್ತಲೇ ಇದೆ. ನಿಜವಾದ ಮಳೆ ಒಂದು ವಾರ ಬಿಟ್ಟು ಬಂತು. ತೊಟ್ಟಿಲ ಮೇಲೆ ಒಂದು ಹನಿಯೂ ಬೀಳಲಿಲ್ಲ. ಬೆಳಿಗ್ಗೆ ಗ್ಲಾಸನ್ನು ಮೂರು ಸಲ ನೋಡಿ ಮೂರು ಸೆಂಟಿಮೀಟರ್ ಎಂದು ಬರೆದೆ. ರೇಡಿಯೋದಲ್ಲಿ ನಮ್ಮ ಊರಿನ ಹೆಸರು ಪಟ್ಟಿಯ ಕೊನೆಗೆ ಬಂತು. ಒಂಬತ್ತು ಕಂಡ ಊರಿಗೆ ಮೂರು ರುಚಿಸಲಿಲ್ಲ, ಚಹಾ ಮತ್ತೆ ತಣ್ಣಗಾಯಿತು.

ನಾಲ್ಕನೆಯ ದಿನ ಮಾನ್ವಿಯಿಂದ ಮಾವನ ಕಾರ್ಡು ಬಂತು. ಕ್ಷೇಮ ಸಮಾಚಾರವಾದ ಮೇಲೆ ಒಂದೇ ಸಾಲು: ರೇಡಿಯೋದಾಗ ಮೂರು ಅಂದಾರ, ಗಿರಿಜಾನ ರುಜು ಹಾಕಿಸಿ ಕಳಸೂದು. ಅಂದಿನಿಂದ ದೇವದುರ್ಗದ ಮಳೆಗೆ ಎರಡು ವರದಿಗಳಾದವು. ಒಂದು ತಂತಿಯಲ್ಲಿ ಮೇಲಿನವರಿಗೆ, ಇನ್ನೊಂದು ಕಾರ್ಡಿನಲ್ಲಿ ಮಾನ್ವಿಗೆ. ಕಾರ್ಡು ಬರೆದು ಮುಂದಿಟ್ಟರೆ ಗಿರಿಜಾ ಕೂಡಲೇ ರುಜು ಹಾಕುತ್ತಿರಲಿಲ್ಲ. ಅಂಗಳಕ್ಕೆ ಹೋಗಿ, ಬಕೀಟಿನಲ್ಲಿ ಬೆರಳಿಟ್ಟು ನೋಡಿ, ಸೆರಗಿಗೆ ಕೈ ಒರೆಸಿಕೊಂಡು ಬಂದ ಮೇಲೆಯೇ ಹಾಕುತ್ತಿದ್ದಳು. ಒಮ್ಮೆ, ಬಕೀಟಿಗೆ ಮಾಳಿಗೆಯಿಂದ ಇಳಿದ ನೀರೂ ಬಿದ್ದಿರಬಹುದು, ಅದು ಸರಿಯಾದ ಸಾಧನವಲ್ಲ ಎಂದು ವೈಜ್ಞಾನಿಕವಾಗಿ ವಿವರಿಸಲು ಹೋದೆ. ಆಕೆ ಪೂರ್ತಿ ಕೇಳಿ, ಬಕೀಟು ಇದುವರೆಗೆ ಯಾವ ಊರನ್ನೂ ಗೆಲ್ಲಿಸಲು ಹೋಗಿಲ್ಲ ಎಂದಷ್ಟೇ ಹೇಳಿದಳು. ಸರ್ಕಾರ ನನ್ನೊಬ್ಬನ ರುಜುವನ್ನು ಕೊನೆಯವರೆಗೂ ನಂಬಿತು. ಮಾನ್ವಿಯಲ್ಲಿ ಅದು ನಡೆಯಲಿಲ್ಲ.