ಹಿಂದೆ ನಿಂತವನಿಗೇ ಬಡ್ತಿ

ವಯಸ್ಸಾದಂತೆ ಅನುಭವ ತಾನಾಗಿಯೇ ಬರುತ್ತದೆ ಎಂದು ನಂಬಿಕೊಂಡು ಬಂದವನು ನಾನು. ಮೂಡಲಗಿಯ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಇತಿಹಾಸ ಕಲಿಸಿದ್ದೇನೆ. ಆ ನಂಬಿಕೆಗೆ ಧಕ್ಕೆ ತರುವಂಥದ್ದೇನೂ ಸ್ಟಾಫ್ ರೂಮಿನಲ್ಲಿ ನಡೆದಿರಲಿಲ್ಲ. ಧಕ್ಕೆ ಬಂದದ್ದು ಮಗಳು ಸಹನಾಳಿಂದ. ಗೋಕಾಕದ ಹಾಸ್ಟೆಲಿನಲ್ಲಿದ್ದು ಕಂಪ್ಯೂಟರ್ ಓದುವ ಅವಳು ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಯುದ್ಧದ ಗೇಮ್ ಒಂದನ್ನು ತಯಾರಿಸಿದ್ದಳು. ಸೈನಿಕ ಕಾದಾಡಿದಷ್ಟೂ ಅವನಿಗೆ ಅನುಭವದ ಅಂಕ, ಅಂಕ ಕೂಡಿದರೆ ಬಡ್ತಿ.

"ಅಪ್ಪಾ, ನೀ ಆಡಿ ನೋಡಿ ತಪ್ಪು ಎಲ್ಲಿ ಐತಿ ಹೇಳು. ಸೋಮವಾರ ಸರ್‌ಗೆ ತೋರಸ್ಬೇಕು. ಕೆಟ್ಟರ ಮತ್ತೊಂದ್ ವರ್ಷ ಕುಂದ್ರಬೇಕಾಕ್ಕೈತಿ," ಎಂದು ಮನೆಯ ಲ್ಯಾಪ್‌ಟಾಪಿನಲ್ಲಿ ಅದನ್ನು ಹಾಕಿಕೊಟ್ಟು ಹಾಸ್ಟೆಲಿಗೆ ಮರಳಿದಳು.

ಸೈನಿಕರಿಗೆ ನಮ್ಮ ಶಾಲೆಯ ಮಾಸ್ತರರ ಹೆಸರುಗಳನ್ನಿಟ್ಟೆ, ಪಟ್ಟಿಯ ಕೊನೆಗೆ ನನ್ನದು. ವಿಜ್ಞಾನ ಕಲಿಸುವ ನದಾಫ್ ಮಾಸ್ತರರನ್ನು ಎಲ್ಲರಿಗಿಂತ ಮುಂದೆ ಕಳಿಸಿದೆ. ಶಾಲೆಯಲ್ಲೂ ಹಾಗೆಯೇ. ವಿಜ್ಞಾನ ಪ್ರದರ್ಶನಕ್ಕೆ ತಂತಿ, ಬಲ್ಬು, ಬಕೆಟ್ಟು ಹೊತ್ತು ಹುಕ್ಕೇರಿವರೆಗೆ ಹೋದವರು ಅವರು. ಶಾಲು ಹೊದಿಸುವ ಹೊತ್ತಿಗೆ ಮೈಕಿನ ಹತ್ತಿರ ನಿಂತಿದ್ದವನು ನಾನು. ನನ್ನ ಹೆಸರಿನ ಬಿಲ್ಲುಗಾರನನ್ನು ಕೋಟೆಯೊಳಗೆ ನೀರಿನ ತೊಟ್ಟಿಯ ಬಳಿ ನಿಲ್ಲಿಸಿದೆ. ಸೇನೆಗೆ ಹಿರಿಯರ ಮಾರ್ಗದರ್ಶನವೂ ಬೇಕಲ್ಲ!

ಎರಡು ದಿನ ಆಡಿದೆ. ನದಾಫ್ ಮಾಸ್ತರರು ಹದಿನೇಳು ಶತ್ರುಗಳನ್ನು ಕೆಡವಿಯೂ ಕಾಲಾಳಾಗಿಯೇ ಉಳಿದರು. ತೊಟ್ಟಿ ಬಿಟ್ಟು ಕದಲದ ನಾನು ದಂಡನಾಯಕನಾದೆ. ಗೇಮಿನಲ್ಲಿ ಯಾವ ತಪ್ಪೂ ಇಲ್ಲವೆಂದು ಮಗಳಿಗೆ ಫೋನಿನಲ್ಲಿ ಹೇಳಿದೆ.

ಭಾನುವಾರ ನಾನು ದಾಡಿ ಮಾಡಿಕೊಳ್ಳುತ್ತಿದ್ದಾಗ ಹೆಂಡತಿ ಶಾಂತಾ ಹತ್ತು ನಿಮಿಷ ಆಡಿದಳು.

"ಏನ್ರಿ ಇದು? ಬಡಿದಾಡಾಂವ ಒಬ್ಬಾಂವ, ಬಡ್ತಿ ಸುಮ್ನ ನಿಂತಾಂವಗ!"

"ಅನುಭವ ಅಂದ್ರ ಹಂಗ ಇರತೈತಿ. ನಿನಗ ತಿಳಿಯಂಗಿಲ್ಲ."

"ಖರೆ, ನನಗ ತಿಳಿಯಂಗಿಲ್ಲ ಬಿಡ್ರಿ. ನಾಳೆ ಆ ಸರ್‌ಗೆ ತಿಳೀತೈತಿ. ಮೊದಲ ಮಗಳಿಗೆ ಫೋನ್ ಹಚ್ಚರಿ."

ಅರ್ಧ ಗಡ್ಡದಲ್ಲೇ ರೇಜರ್ ಕೆಳಗಿಟ್ಟೆ. ಫೋನ್ ಹಚ್ಚಿ, "ಸಹನಾ, ಒಂದು ದೊಡ್ಡ ತಪ್ಪು ಸಿಕ್ಕೈತಿ," ಎಂದು ವಿವರಿಸಿದೆ. ಯಾರಿಗೆ ಸಿಕ್ಕಿತೆಂದು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ನಂತರ ಅವಳೇ ಫೋನ್ ಮಾಡಿದಳು.

"ಖರೆ ಐತಿ ಅಪ್ಪಾ! ಯಾರು ಹೊಡದ್ರೂ ಅಂಕ ಪಟ್ಟಿಯಾಗಿನ ಕಡೀ ಹೆಸರಿಗೆ ಬೀಳಾಕತ್ತಾವು. ನೀ ಹೆಂಗ ಹಿಡದಿ?"

"ಸುಮ್ನ ಆಡಿದ್ರ ಕಾಣೂದಿಲ್ಲವ್ವಾ. ಅದಕ್ಕ ದೃಷ್ಟಿ ಬೇಕು."

ಸಂಜೆಯೊಳಗೆ ಅವಳು ಸರಿಪಡಿಸಿ ಕಳಿಸಿದಳು. ಹೊಸದಾಗಿ ಆಡಿದಾಗ ನದಾಫ್ ಮಾಸ್ತರರು ದಂಡನಾಯಕರಾದರು. ನಾನು ತೊಟ್ಟಿಯ ಬಳಿ ಬರೀ ಬಿಲ್ಲುಗಾರ. ಸತ್ಯ ಹೇಳುತ್ತೇನೆ, ಹೊಟ್ಟೆ ಉರಿಯಿತು.

ಸೋಮವಾರ ಗೋಕಾಕಕ್ಕೆ ನಾನೂ ಹೋದೆ. ಮಗಳು ಪಾಸಾದಳು. ತಪ್ಪು ಹಿಡಿದದ್ದು ಅಪ್ಪ ಎಂದು ಅವಳಿಂದ ಕೇಳಿದ ಅವಳ ಸರ್ ನನ್ನ ಕೈ ಕುಲುಕಿ, "ಇಂಥಾ ತಪ್ಪು ಹಿಡಿಯಾಕ ಭಾಳ ಅನುಭವ ಬೇಕ್ರಿ," ಎಂದರು. ನಾನು ವಿನಯದಿಂದ ತಲೆ ತಗ್ಗಿಸಿದೆ.

ಮನೆಗೆ ಬಂದಾಗ ಶಾಂತಾ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. "ಸರ್ ಏನಂದ್ರು?" ಎಂದು ಕೇಳಿದಳು.

"ನಮ್ಮನ್ನ ಭಾಳ ಹೊಗಳಿದ್ರು," ಎಂದೆ. ವ್ಯಾಕರಣದ ಪ್ರಕಾರ ಆ 'ನಮ್ಮನ್ನ'ದಲ್ಲಿ ಅವಳೂ ಬರುತ್ತಾಳೆ.

"ನಮ್ಮನ್ನ ಅಂದ್ರ ಯಾರ್‍ಯಾರನ್ನ್ರಿ?"

ಆಗಲೇ ತೊಳೆದಿದ್ದ ಕಾಲನ್ನು ಇನ್ನೊಮ್ಮೆ ತೊಳೆಯಲು ನಾನು ಬಚ್ಚಲಿಗೆ ನಡೆದೆ.