ಹಿತ್ತಲ ಪೀಪಾಯಿ ಮತ್ತು ನಾಲ್ಕು ದಿನದ ಅವಲಕ್ಕಿ

ನಾನು ಯಲ್ಲಾಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದ ಕಾಲ. ನಮ್ಮ ಜಿಲ್ಲೆ ಮುಂಬಯಿ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷ ಆಗಿತ್ತು. ಮಿಥೇನ್ ಎಂಬ ಅನಿಲದ ಬಗ್ಗೆ ಇಡೀ ತಾಲೂಕಿನಲ್ಲಿ ನನ್ನಷ್ಟು ತಿಳಿದವರು ಯಾರೂ ಇರಲಿಲ್ಲ. ತಿಳಿಯಬೇಕೆಂಬ ಆಸೆಯೂ ಯಾರಿಗೂ ಇರಲಿಲ್ಲ, ಅದು ಬೇರೆ ಮಾತು.

ನನ್ನ ಹೆಂಡತಿ ಸಾವಿತ್ರಿಗೆ ಒಲೆಯ ಹೊಗೆ ಆಗುತ್ತಿರಲಿಲ್ಲ. ಊದಿ ಊದಿ ಕಣ್ಣು ಸದಾ ಕೆಂಪು, ರಾತ್ರಿಯಾದರೆ ಕೆಮ್ಮು. ಒಂದು ದಿನ ಅವಳು ಕಣ್ಣೊರೆಸಿಕೊಳ್ಳುತ್ತಿದ್ದಾಗ ನಾನು ಗಂಭೀರವಾಗಿ ಘೋಷಿಸಿದೆ: “ಇನ್ನು ಹದಿನೈದು ದಿನದಲ್ಲಿ ನಿನ್ನ ಅಡುಗೆಮನೆಲಿ ಹೊಗೆ ಇರ್ತಿಲ್ಲೆ. ಸಗಣಿಯಿಂದ ಅನಿಲ ತೆಗೆದು ಅದರಲ್ಲೇ ಅನ್ನ ಮಾಡದು!”

“ಅನ್ನಕ್ಕೆ ವಾಸನೆ ಬತ್ತಿಲ್ಯಾ?” ಎಂದಳು. ಸಂಶೋಧಕರಿಗೆ ಮನೆಯಲ್ಲಿ ಸಿಗುವ ಪ್ರೋತ್ಸಾಹ ಇಷ್ಟೇ.

ಹಿತ್ತಲಲ್ಲಿ ಗುಂಡಿ ತೋಡಿಸಿ ಕಟ್ಟೆ ಕಟ್ಟಿಸಿದೆ. ರಸ್ತೆ ಕೆಲಸದವರು ಬಿಟ್ಟುಹೋಗಿದ್ದ ಡಾಂಬರಿನ ಪೀಪಾಯಿಯ ಒಂದು ಮುಚ್ಚಳ ಕತ್ತರಿಸಿ, ಗುಂಡಿಯ ಮೇಲೆ ಬೋರಲು ಹಾಕಿಸಿ, ನೆತ್ತಿಗೆ ಒಂದು ನಲ್ಲಿ ಕೂರಿಸಿದೆ. ಅನಿಲ ತುಂಬಿದಂತೆ ಪೀಪಾಯಿ ತಾನಾಗಿ ಮೇಲೇಳಬೇಕು, ಅದೇ ಲೆಕ್ಕ. ಮನೆಯ ಮಾಲೀಕರೂ ಪಕ್ಕದ ಮನೆಯವರೂ ಆದ ತಿಮ್ಮಣ್ಣ ಹೆಗಡೆಯವರು ತಮ್ಮ ಕೊಟ್ಟಿಗೆಯ ಗೊಬ್ಬರವನ್ನೇ ಧಾರಾಳವಾಗಿ ಕೊಟ್ಟರು. ನಮ್ಮ ಕಡೆ ದನದ ಕಾಲಡಿಗೆ ದಿನಾ ಹಸಿ ಸೊಪ್ಪು ಹಾಸುತ್ತಾರೆ. ಸಗಣಿ, ಸೊಪ್ಪು, ಗಂಜಲ ಎಲ್ಲ ಬೆರೆತ ಮೇಲೆಯೇ ಅದಕ್ಕೆ ಗೊಬ್ಬರ ಎಂದು ಹೆಸರು. ಬರೀ ಸಗಣಿ ಯಾರಿಗೆ ಬೇಕು! ಸೊಪ್ಪು ಹೆಚ್ಚಿದ್ದಷ್ಟೂ ಅನಿಲ ಹೆಚ್ಚು ಎಂದು ನಾನೇ ಸಿದ್ಧಾಂತ ಮಾಡಿ, ಬೆಟ್ಟದಿಂದ ಇನ್ನೆರಡು ಹೊರೆ ಸೊಪ್ಪು ತರಿಸಿ ತುರುಕಿದೆ.

ವಾರ ಕಳೆಯುವುದರೊಳಗೆ ಪೀಪಾಯಿ ಒಂದು ಗೇಣು ಮೇಲೆದ್ದಿತ್ತು. ನಾನು ಹಿಗ್ಗಿ ಹೀರೇಕಾಯಿಯಾದೆ.

ಅದೇ ದಿನ ಅಂಚೆಯವನು ಒಂದು ಕಿರುಪುಸ್ತಕ ತಂದುಕೊಟ್ಟ. ಪುಣೆ ಕಡೆಯ ಸಂಶೋಧನಾಲಯವೊಂದಕ್ಕೆ ನಾನು ಪತ್ರ ಬರೆದಿದ್ದೆ. ಮೂರನೇ ಪುಟದಲ್ಲಿ ದಪ್ಪಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು: ಮೊದಲ ಸಲ ತುಂಬುವ ಅನಿಲದಲ್ಲಿ ಗಾಳಿ ಬೆರೆತಿರುತ್ತದೆ. ಅದನ್ನು ಪೂರ್ತಿ ಹೊರಗೆ ಬಿಡಬೇಕು. ಹತ್ತಿರ ಎಲ್ಲೂ ಬೆಂಕಿ ಇರಕೂಡದು. ಸ್ಫೋಟವಾದೀತು!

ಪೀಪಾಯಿಯಿಂದ ನಮ್ಮ ಒಲೆಗೆ ಹತ್ತೇ ಹೆಜ್ಜೆ. ಅನಿಲ ಹೊರಗೆ ಬಿಡೋಣವೆಂದರೆ ನಲ್ಲಿ ತಿರುಗಿಸಬೇಕು. ನಲ್ಲಿ ತಿರುಗಿಸಲು ಹತ್ತಿರ ಹೋಗಬೇಕು. ಹತ್ತಿರ ಹೋಗುವುದು ನನ್ನಿಂದಾಗದ ಕೆಲಸ! ಓಡಿಹೋಗಿ ಉರಿಯುತ್ತಿದ್ದ ಒಲೆಗೆ ಒಂದು ಕೊಡ ನೀರು ಸುರಿದೆ. ಅನ್ನ ಅರ್ಧ ಬೆಂದಿತ್ತು.

“ಎಂತ ಆತು ನಿಮಗೆ?” ಎಂದು ಸಾವಿತ್ರಿ ಕೂಗಿದಳು.

“ಇವತ್ತಿಂದ ಮನೆಲಿ ಬೆಂಕಿ ಇಲ್ಲೆ. ದೇವರ ದೀಪವೂ ಬ್ಯಾಡ. ನೀನು ಹಿತ್ತಲಿಗೆ ಹೋಪದೂ ಬ್ಯಾಡ. ಬಾವಿ ನೀರು ನಾನೇ ತತ್ತೆ.”

ಬೆಳಿಗ್ಗೆ ಅವಲಕ್ಕಿ ಮೊಸರು, ಮಧ್ಯಾಹ್ನ ಅವಲಕ್ಕಿ ಬೆಲ್ಲ, ರಾತ್ರಿ ಕತ್ತಲೆಯಲ್ಲಿ ಬರೀ ಅವಲಕ್ಕಿ. ಶಾಲೆಗೆ ‘ಮನೆಯಲ್ಲಿ ಅನಿವಾರ್ಯ ಕಾರಣ’ ಎಂದು ರಜೆ ಚೀಟಿ ಕಳಿಸಿದೆ. ಬಿಸಿನೀರಿಲ್ಲದೆ ಸ್ನಾನವಿಲ್ಲ, ಕ್ಷೌರವಿಲ್ಲ. ಬೀಡಿ ಸೇದುವವರು ಯಾರಾದರೂ ಬಂದಾರೆಂದು ಮುಂಬಾಗಿಲಿಗೆ ಅಗಳಿ. ಪೀಪಾಯಿ ಇನ್ನೂ ನಾಲ್ಕು ಬೆರಳು ಏರಿತ್ತು. ಅದರ ಮೇಲೆ ಕಾಗೆ ಕೂತರೂ ನನ್ನ ಎದೆ ಧಸಕ್ಕೆನ್ನುತ್ತಿತ್ತು.

ಮೂರನೇ ದಿನ ತಿಮ್ಮಣ್ಣ ಹೆಗಡೆಯವರು ಬೇಲಿಯಾಚೆಯಿಂದ ಅನ್ನ ಸಾರು ದಾಟಿಸಿ, “ಧೈರ್ಯ ತಗಳಿ ಮಾಸ್ತರ್ರೇ” ಎಂದು ಹೆಗಲು ತಟ್ಟಿದರು. ಯಾಕೆಂದು ನಾನು ಕೇಳಲಿಲ್ಲ. ಹಸಿದವನಿಗೆ ಪ್ರಶ್ನೆಗಳು ಹುಟ್ಟುವುದಿಲ್ಲ.

ನಮ್ಮ ಕಡೆ ಒಲೆ ಹೊತ್ತಿಸದ ಮನೆಯೆಂದರೆ ಹೆಣ ಹೋದ ಮನೆ. ಅಂಥ ಮನೆಗೆ ನೆರೆಯವರೇ ಊಟ ಕೊಡುವುದು ರೂಢಿ. ಹಂಚಿನ ಮೇಲೆ ಹೊಗೆಯಿಲ್ಲ, ಮಾಸ್ತರರ ಮುಖದ ಮೇಲೆ ಗಡ್ಡ, ಗಂಡಸೇ ನೀರು ಸೇದುತ್ತಿದ್ದಾನೆ, ಹೆಂಗಸು ಕಾಣುತ್ತಿಲ್ಲ! ತಿಮ್ಮಣ್ಣ ಹೆಗಡೆಯವರು ಶಿರಸಿ ಬಸ್ಸಿನ ಕಂಡಕ್ಟರನ ಹತ್ತಿರ ಉಮ್ಮಚಗಿಯ ನನ್ನ ಮಾವನವರಿಗೆ ಇಷ್ಟೇ ಹೇಳಿ ಕಳಿಸಿದ್ದರಂತೆ. ಬಸ್ಸು ಉಮ್ಮಚಗಿ ಮುಟ್ಟುವಷ್ಟರಲ್ಲಿ ಸುದ್ದಿ ತಾನಾಗಿ ಪೂರ್ತಿಯಾಗಿತ್ತು.

ನಾಲ್ಕನೇ ದಿನ ಮಧ್ಯಾಹ್ನ ಮಾವ ಬಂದರು. ಮುಂಬಾಗಿಲಿಗೆ ಅಗಳಿ ಇದ್ದದ್ದರಿಂದ ಸೀದಾ ಹಿತ್ತಲಿಗೇ ನುಗ್ಗಿದರು.

“ಕೂಸೇ! ಎನ್ನ ಕೂಸೇ! ಅಪ್ಪಯ್ಯನ್ನ ಬಿಟ್ಟಿಕ್ಕಿ ಹೋದ್ಯನೇ!”

ಕೂಸು, ಅಂದರೆ ಸಾವಿತ್ರಿ, ಒಂದು ತಟ್ಟೆ ಅವಲಕ್ಕಿ ಹಿಡಿದುಕೊಂಡು ಹೊರಗೆ ಓಡಿಬಂತು. “ಎಂತಕ್ಕೆ ಅಳದು ಅಪ್ಪಯ್ಯ? ಅಮ್ಮಂಗೆ ಎಂತಾರೂ ಆತಾ?”

ಮಾವ ಅವಳ ಮುಖ ಸವರಿ ಸವರಿ ನೋಡಿದರು. ಆ ಮುದುಕರನ್ನು ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು. ಸಂಕಟಪಡಲು ಸಿಕ್ಕಿದ್ದು ಅರೆಗಳಿಗೆ ಮಾತ್ರ. “ಕಾಲಿನ ಬಲವೇ ಹೋತು” ಎನ್ನುತ್ತ ಅವರು ಎದುರಿಗೆ ಸಿಕ್ಕ ಎತ್ತರದ ಜಾಗದಲ್ಲಿ ಕುಳಿತುಬಿಟ್ಟರು. ಅದು ಪೀಪಾಯಿ! ಕುಳಿತವರು ಕಣ್ಣೊರೆಸಿಕೊಂಡು, ಸಮಾಧಾನಕ್ಕೆಂದು ಒಂದು ಬೀಡಿ ಬಾಯಿಗಿಟ್ಟು, ಕಡ್ಡಿ ಗೀರಿದರು.

ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ನೆನಪು ಬಂದಾಗ ನಾನು ಬಸ್ ನಿಲ್ದಾಣದಲ್ಲಿ ಹೊರಟು ನಿಂತಿದ್ದ ಹುಬ್ಬಳ್ಳಿ ಬಸ್ಸಿನೊಳಗೆ ಕುಳಿತಿದ್ದೆ. ಕಂಡಕ್ಟರ್ ಕೇಳಿದ್ದಕ್ಕೆ ದಾರಿಯಲ್ಲಿ ಸಿಗುವ ಕಿರವತ್ತಿಗೆಂದು ಚಿಲ್ಲರೆಯನ್ನೂ ಕೊಟ್ಟಿದ್ದೆ. ಬಸ್ಸು ಊರು ದಾಟಿದರೂ ಢಮ್ ಎಂಬ ಸದ್ದು ಕೇಳಲಿಲ್ಲ. ಆಗ ನನಗೆ ಹೆಂಡತಿಯ ನೆನಪಾಯಿತು. ಕೂಗಿ ಬಸ್ಸು ನಿಲ್ಲಿಸಿ ಇಳಿದು ಓಡುತ್ತ ಮನೆಗೆ ಬಂದೆ.

ಮಾವ ಬಾವಿಕಟ್ಟೆಯಲ್ಲಿ ಪಂಚೆ ತೊಳೆಯುತ್ತಿದ್ದರು. ಅವರು ಕುಳಿತ ಭಾರಕ್ಕೆ ಪೀಪಾಯಿ ಕುಸಿದು, ಸುತ್ತಲಿಂದ ಸೊಪ್ಪಿನ ರಾಡಿ ಉಕ್ಕಿ ಬಂದಿತ್ತು. ನಾನು ತುರುಕಿದ ಸೊಪ್ಪೇ ನೆನೆದು ಉಬ್ಬಿ ಪೀಪಾಯಿಯನ್ನು ಎತ್ತಿತ್ತು! ಧೈರ್ಯ ಮಾಡಿ ನಲ್ಲಿ ತಿರುಗಿಸಿದೆ. ಮಾಸ್ತರರ ಮರ್ಯಾದೆಗಾದರೂ ಒಂದು ಸಲ ಬುಸ್ ಎನ್ನಬಾರದಿತ್ತೇ? ಅದೂ ಇಲ್ಲ.

“ನಿಂಗ ಎಲ್ಲಿಗೆ ಹೋಗಿದ್ರಿ?” ಎಂದು ಸಾವಿತ್ರಿ ಕೇಳಿದಳು.

“ಜನ ಕರೆಯಲೆ ಹೋಗಿದ್ದೆ. ನಿಂಗಳನ್ನ ಉಳಿಸಲೆ!” ಎಂದೆ. ಅವಳ ಕಣ್ಣು ತುಂಬಿತು. ಸಂಜೆ ಒಲೆ ಹೊತ್ತಿಸಿ, ಕೆಮ್ಮುತ್ತಲೇ, ನನಗೂ ಅವಳಪ್ಪನಿಗೂ ಹೋಳಿಗೆ ಮಾಡಿ ಬಡಿಸಿದಳು. ತುಪ್ಪ ನನಗೇ ಹೆಚ್ಚು ಹಾಕಿದಳು.

ಮರುದಿನ ಬೆಳಿಗ್ಗೆ ಅವಳು ನನ್ನ ಅಂಗಿ ಒಗೆಯಲು ಹೊರಟವಳು ಕಿಸೆಗೆ ಕೈಹಾಕಿ, ಒಂದು ಚೀಟಿ ತೆಗೆದು, ಅಡುಗೆಮನೆಯ ಹೊಗೆಯಲ್ಲಿ ಕಣ್ಣು ಕಿರಿದು ಮಾಡಿ ಓದಿದಳು.

“ಕಿರವತ್ತಿಗೆ ಟಿಕೇಟು ತಗಂಡಿದ್ರಾ?”

“ಹ್ಞಾಂ... ಗಡಿಬಿಡಿಲಿ...”

“ಒಂದೇ ತಗಂಡಿದ್ರಲ್ಲ!”

ನಾನು ಅವಳ ಪಕ್ಕದಲ್ಲಿದ್ದ ಊದುಗೊಳವೆ ಎತ್ತಿಕೊಂಡು ಒಲೆ ಊದಲು ಕುಳಿತೆ. ಬಾಯಲ್ಲಿ ಊದುಗೊಳವೆ ಇದ್ದವನು ಉತ್ತರ ಹೇಳಬೇಕಾಗಿಲ್ಲ!