ದೊಡ್ಡವರ ಮೇಜು

ಲೈಲ್‌ಗೆ ಬಂದೂಕಿನ ಮೇಲೆ ಯಾವ ಆಸೆಯೂ ಇರಲಿಲ್ಲ. ಆಸೆ ಇದ್ದದ್ದು ಒಂದು ಕುರ್ಚಿಯ ಮೇಲೆ.

ಅವನ ಮಾವ ಆಲ್ವಿನ್ ಕುಬೇನಾ ಅವರ ಮನೆಯಲ್ಲಿ ಸೆಪ್ಟೆಂಬರ್ ಒಂದನೇ ತಾರೀಖು ಎಂದರೆ ಕ್ರಿಸ್‌ಮಸ್‌ಗಿಂತ ದೊಡ್ಡ ದಿನ. ಬೆಳವಗಳ, ಅಂದರೆ ಕಾಡು ಪಾರಿವಾಳಗಳ ಬೇಟೆ ಅಂದು ಶುರು. ಸಂಜೆ ಕೊಟ್ಟಿಗೆಯಲ್ಲಿ ಎರಡು ಮೇಜು ಹಾಕುತ್ತಾರೆ. ಹಕ್ಕಿ ಹೊಡೆದ ಗಂಡಸರಿಗೆ ಓಕ್ ಮರದ ಉದ್ದನೆಯ ಮೇಜು. ಹೊಡೆಯದವರಿಗೆ, ವಯಸ್ಸು ಎಷ್ಟೇ ಇರಲಿ, ಮಕ್ಕಳ ಮೇಜು. ಹೆಂಗಸರು ಬುದ್ಧಿವಂತರು, ಅಡುಗೆಮನೆಯಲ್ಲೇ ತಿಂದು ಮುಗಿಸುತ್ತಿದ್ದರು.

ಹೋದ ವರ್ಷ, ಮದುವೆ ಗೊತ್ತಾದ ಹೊಸದರಲ್ಲಿ, ಲೈಲ್ ಮಕ್ಕಳ ಮೇಜಿನಲ್ಲಿ ಕೂತಿದ್ದ. ಕುರ್ಚಿ ಎಷ್ಟು ಪುಟ್ಟದಿತ್ತೆಂದರೆ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಯಾರೋ ಅವನ ಪ್ಯಾಂಟಿನ ಮೇಲೆ ದ್ರಾಕ್ಷಿ ರಸ ಚೆಲ್ಲಿದರು. ಪಕ್ಕದಲ್ಲಿದ್ದ ಐದು ವರ್ಷದ ಹುಡುಗಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀನು ಯಾವ ಕ್ಲಾಸು?" ಎಂದು ಕೇಳಿದ್ದಳು.

ಆ ಪ್ರಶ್ನೆಯನ್ನು ಅವನು ಒಂದು ವರ್ಷ ಮರೆಯಲಿಲ್ಲ. ಹ್ಯೂಸ್ಟನ್ನಿನಲ್ಲಿ ಸ್ವಂತ ಕನ್ನಡಕದ ಅಂಗಡಿ ಇಟ್ಟವನು! ಈ ಸಲ ಒಂದು ಹಕ್ಕಿ. ಒಂದೇ ಒಂದು ಸಾಕು.

ಬೆಳಕು ಹರಿಯುವಾಗ ಮೂವರು ಸೂರ್ಯಕಾಂತಿ ಹೊಲದ ಅಂಚಿನಲ್ಲಿ ಕೂತರು. ಮಾವ ಒಂದು ತುದಿ, ನೆರೆಯ ಮಿಲ್ಟನ್ ಯಾನಾಕ್ ಇನ್ನೊಂದು ತುದಿ, ನಡುವೆ ಬಕೆಟ್ ಬೋರಲು ಹಾಕಿಕೊಂಡು ಲೈಲ್. ಮೂವರ ಬೆನ್ನಿಗೂ ಜಾಲಿ ಮರಗಳ ಸಾಲು. ಹೊಡೆದ ಹಕ್ಕಿ ಬಿಸಿಲಿಗೆ ಕೆಡಬಾರದೆಂದು ಅವರವರ ಹಿಂದಿನ ನೆರಳಲ್ಲಿ ರಾಶಿ ಹಾಕುವುದು ಪದ್ಧತಿ. ಅತ್ತೆ ಮೂವರಿಗೂ ಸೇರಿಸಿ ಕಟ್ಟಿಕೊಟ್ಟಿದ್ದ ಪುಟ್ಟ ಸಾಸೇಜ್ ಬನ್ನುಗಳ ದೊಡ್ಡ ಡಬ್ಬಿಯನ್ನು ಲೈಲ್ ತನ್ನ ನೆರಳಿನಲ್ಲಿಟ್ಟ. ಮಿಲ್ಟನ್ನನ ಕಪ್ಪು ನಾಯಿ ಡಚೆಸ್ ಆ ಡಬ್ಬಿಯನ್ನು ಒಮ್ಮೆ ನೋಡಿ, ಗೌರವಸ್ಥ ಮನೆತನದವಳಂತೆ ಮುಖ ತಿರುಗಿಸಿತು.

ಮೊದಲ ಹಕ್ಕಿ ಬಂದದ್ದು ಸೀದಾ ಲೈಲ್‌ನ ಎದುರಿಗೆ. ಬೇಲಿಯ ಕಂಬದ ಮೇಲೆ ಕೂತು ರೆಕ್ಕೆ ಬಡಿಯುತ್ತಲೇ ಇತ್ತು, ಹಾರುವ ಮನಸ್ಸೇ ಇದ್ದಂತಿರಲಿಲ್ಲ. ಲೈಲ್ ಉಸಿರು ಬಿಗಿಹಿಡಿದು ಹೊಡೆದ. ಅದರಿಂದ ಒಂದು ಸ್ಪ್ರಿಂಗು, ಎರಡು ಬ್ಯಾಟರಿ ಹಾರಿ ಬಿದ್ದವು. ಹಕ್ಕಿಗಳನ್ನು ಕರೆಯಲು ಮಾವ ನೆಟ್ಟಿದ್ದ ಆಟಿಕೆ ಬೆಳವ ಅದು.

ಮಾವ ಬ್ಯಾಟರಿಗಳನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡರು. ಮಿಲ್ಟನ್ ಅಂದ. "ಊರಿಗೆಲ್ಲ ಕನ್ನಡಕ ಹಾಕ್ತೀಯಲ್ಲ ಮಗಾ, ನಿಂಗೊಂದು ಉಳಿಸ್ಕೋಬಾರ್ದಿತ್ತಾ?"

ಆಮೇಲೆ ಒಂದು ಹಕ್ಕಿ ಸೂರ್ಯಕಾಂತಿಯ ತಲೆ ಸವರಿಕೊಂಡು ಬಂತು. ಲೈಲ್ ಬಂದೂಕು ಎತ್ತಿದ್ದೇ ತಡ, ಇಬ್ಬರು ಹಿರಿಯರೂ "ಕೆಳಗಿದೆ, ಕೆಳಗಿದೆ" ಎಂದು ಕೂಗುತ್ತ ನೆಲಕ್ಕೆ ಬಿದ್ದರು. ತಗ್ಗಿನಲ್ಲಿ ಹಾರುವ ಹಕ್ಕಿಗೆ ಹೊಡೆದರೆ ಆಚೆ ಕೂತವನಿಗೂ ಏಟು ಬೀಳುತ್ತದೆ ಎಂದು ಅವನಿಗೆ ಬಯ್ಗುಳದ ನಡುವೆ ತಿಳಿಯಿತು.

ಹತ್ತು ಗಂಟೆಯ ಹೊತ್ತಿಗೆ ನಿಜವಾಗಿ ಒಂದು ಹಕ್ಕಿ, ಎತ್ತರದಲ್ಲಿ, ಅವನ ನೆತ್ತಿಯ ಮೇಲೆ ಬಂತು. ಅವನು ಹೊಡೆದ. ಅದು ಬಿತ್ತು. ಲೈಲ್‌ನ ಎದೆ ಹೋಟೆಲಿನ ಪೂರಿಯಂತೆ ಉಬ್ಬಿತು. ಅಷ್ಟರಲ್ಲಿ ಡಚೆಸ್ ಓಡಿಹೋಗಿ ಹಕ್ಕಿಯನ್ನು ಕಚ್ಚಿಕೊಂಡು, ಅವನ ಮುಂದೆಯೇ ಹಾದು, ಮಿಲ್ಟನ್ನನ ಕೈಗೆ ಕೊಟ್ಟಿತು.

"ಅದು ನಂದು," ಎಂದ ಲೈಲ್.

"ನೀನು ಸದ್ದು ಮಾಡ್ದೆ, ನಾನು ಹೊಡ್ದೆ," ಎಂದ ಮಿಲ್ಟನ್ ತಣ್ಣಗೆ.

ಲೈಲ್ ಮಾವನ ಕಡೆ ನೋಡಿದ. ಅನುಮಾನ ಬಂದರೆ ಹಕ್ಕಿ ಹಿರಿಯರದ್ದು, ತಮ್ಮ ಅಪ್ಪನ ಕಾಲದಿಂದ ಹಾಗೇ ನಡೆದುಬಂದಿದೆ ಎಂದರು ಮಾವ. ಎರಡನೆಯ ಹಕ್ಕಿ ಬಿದ್ದಾಗಲೂ ಅನುಮಾನ ಬಂತು. ಅದನ್ನು ಮಾವನೇ ತೆಗೆದುಕೊಂಡರು. ಮೂರನೆಯದಕ್ಕೆ ಅನುಮಾನವೂ ಬರಲಿಲ್ಲ, ಸುಮ್ಮನೆ ಮಿಲ್ಟನ್ನನ ರಾಶಿಗೆ ಹೋಯಿತು.

ಇದು ಬೇಟೆಯಲ್ಲ, ಹಗಲು ದರೋಡೆ ಎಂದು ಲೈಲ್‌ಗೆ ಅನ್ನಿಸಿತು. ನ್ಯಾಯ ಸಿಗದಿದ್ದಾಗ ಜನ ಏನು ಮಾಡುತ್ತಾರೋ ಅದನ್ನೇ ಅವನೂ ಮಾಡಿದ. ಲಂಚ ಕೊಟ್ಟ. ಹಕ್ಕಿ ಕಚ್ಚಿಕೊಂಡು ಹೋಗುತ್ತಿದ್ದ ಡಚೆಸ್‌ಗೆ ಒಂದು ಸಾಸೇಜ್ ಬನ್ನು ತೋರಿಸಿದ. ನಾಯಿ ನಿಂತಿತು. ಕುಲಗೌರವಕ್ಕೂ ಸಾಸೇಜಿಗೂ ನಡುವೆ ಸ್ವಲ್ಪ ಹೊತ್ತು ತೂಗಾಡಿತು. ಕೊನೆಗೆ ಹಕ್ಕಿಯನ್ನು ಡಬ್ಬಿಯ ಪಕ್ಕದಲ್ಲಿಟ್ಟು ಬನ್ನು ನುಂಗಿತು.

ಮಿಲ್ಟನ್ ದಾಪುಗಾಲಿಟ್ಟು ಬಂದ. ಹಕ್ಕಿಯನ್ನು ಕಿತ್ತುಕೊಂಡು, "ನನ್ನ ನಾಯೀನ ಕೆಡಿಸಬೇಡ. ಎಂಟು ವರ್ಷ ಕಷ್ಟಪಟ್ಟು ಬುದ್ಧಿ ಕಲ್ಸಿದೀನಿ," ಎಂದು ಹೇಳಿ ಹೋದ. ಲೈಲ್ ಸಿಟ್ಟಿನಲ್ಲಿ ಡಬ್ಬಿಯನ್ನು ಮುಚ್ಚದೆ ಹಾಗೇ ಬಿಟ್ಟು, ಆಕಾಶ ನೋಡುತ್ತ ಕೂತ. ಮಾವನೂ ಮಿಲ್ಟನ್ನೂ ಆಕಾಶವನ್ನೇ ನೋಡುತ್ತಿದ್ದರು. ಆ ದಿನ ಆ ಹೊಲದಲ್ಲಿ ಹಿಂದೆ ತಿರುಗಿ ನೋಡುವ ಅಭ್ಯಾಸ ಯಾರಿಗೂ ಇರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಹೊಲದ ದಾರಿಯಲ್ಲಿ ಧೂಳೆಬ್ಬಿಸುತ್ತ, ಬೇಟೆಯ ಕಾನೂನು ಕಾಯುವ ವಾರ್ಡನ್ನರ ಗಾಡಿ ಬಂತು. ಇಳಿದ ವಾರ್ಡನ್ ಗಟ್ಟಿ ಹೆಂಗಸು, ನಗು ಗೊತ್ತಿಲ್ಲದ ಮುಖ. ಲೈಸೆನ್ಸು ನೋಡಿದಳು, ಬಂದೂಕು ನೋಡಿದಳು, ಎಲ್ಲ ಸರಿಯಿತ್ತು. ಹೊರಡಬೇಕು ಅನ್ನುವಾಗ ಲೈಲ್‌ನೊಳಗೆ ಬೆಳಗಿನಿಂದ ಕುದಿಯುತ್ತಿದ್ದದ್ದು ಉಕ್ಕಿತು.

"ಮೇಡಂ, ಒಬ್ಬೊಬ್ರಿಗೆ ದಿನಕ್ಕೆ ಎಷ್ಟು ಹಕ್ಕಿ?"

"ಹದಿನೈದು. ಯಾಕೆ?"

"ಇವ್ರಿಬ್ರ ರಾಶಿ ಎಣಿಸಿ. ಮಿತಿ ಮೀರಿರ್ಬೇಕು. ಮೀರ್ದೇ ಇದ್ರೂ, ಅದರಲ್ಲಿರೋದೆಲ್ಲ ನನ್ನ ಹಕ್ಕಿ. ನಾನು ಹೊಡ್ದದ್ದು, ಇವ್ರು ಹೊತ್ಕೊಂಡ್ರು."

ಎಲ್ಲ ಅನ್ನುವುದು ಸ್ವಲ್ಪ ಹೆಚ್ಚಾಯಿತೆಂದು ಅವನಿಗೇ ಅನ್ನಿಸಿತು. ಆದರೆ ಸಿಟ್ಟಿನಲ್ಲಿ ಲೆಕ್ಕ ಯಾರು ಹಾಕುತ್ತಾರೆ?

ಮಾವ ಅಳಿಯನನ್ನು ನೋಡಿದರು. ಹೆಂಡತಿಯ ತವರಿನಲ್ಲಿ ತನ್ನ ಮುಂದಿನ ಇಪ್ಪತ್ತು ವರ್ಷ ಆ ನೋಟದಲ್ಲಿ ಲೈಲ್‌ಗೆ ಕಾಣಿಸಿತು.

ವಾರ್ಡನ್ ಮಾವನ ಮರದ ಹಿಂದೆ ಹೋದಳು. ಏನೂ ಇಲ್ಲ, ನಾಲ್ಕು ಪುಕ್ಕ ಬಿಟ್ಟರೆ. ಮಿಲ್ಟನ್ನನ ಮರದ ಹಿಂದೆಯೂ ಅಷ್ಟೇ. ಇಬ್ಬರು ಹಿರಿಯರ ಬಾಯಿ ತೆರೆದದ್ದು ಮುಚ್ಚಲಿಲ್ಲ. ಆಮೇಲೆ ಅವಳು ಲೈಲ್‌ನ ಮರದ ಹಿಂದೆ ಬಗ್ಗಿದಳು, ಬಹಳ ಹೊತ್ತು ಬಗ್ಗಿಯೇ ಇದ್ದಳು.

ಅಲ್ಲಿ ಬೆಳವಗಳನ್ನು ಅಂಗಡಿಯ ಸಾಮಾನಿನಂತೆ ಒಪ್ಪವಾಗಿ ಜೋಡಿಸಿತ್ತು. ಇಪ್ಪತ್ತಾರು. ಪಕ್ಕದಲ್ಲಿ ಸಾಸೇಜ್ ಬನ್ನಿನ ಡಬ್ಬಿ, ನೆಕ್ಕಿದಷ್ಟು ಖಾಲಿ. ಅದರ ಮುಂದೆ ಡಚೆಸ್, ಹೊಟ್ಟೆ ಪೀಪಾಯಿಯಾಗಿ, ಮೂತಿಗೆ ಸಾಸಿವೆ ಮೆತ್ತಿಕೊಂಡು, ಎದ್ದು ಬಾಲ ಆಡಿಸಲೂ ಆಗದೆ ಮಲಗಿತ್ತು. ಹಿರಿಯರ ರಾಶಿಗಳಿಂದ ಹೊತ್ತು ತಂದ ಒಂದೊಂದು ಹಕ್ಕಿಗೆ ಒಂದೊಂದು ಬನ್ನು ಎಂಬ ಒಪ್ಪಂದವನ್ನು ಅದು ತಾನೊಂದೇ ನಡೆಸಿಕೊಂಡು ಹೋಗಿತ್ತು.

"ಇದು ನಾಯಿ ಕೆಲ್ಸ," ಎಂದ ಲೈಲ್.

"ಪ್ರತಿ ವರ್ಷ ಯಾರಾದ್ರೂ ನಾಯಿ ಮೇಲೆ ಹಾಕ್ತಾರೆ," ಎಂದು ವಾರ್ಡನ್ ಹಿರಿಯರ ಕಡೆ ತಿರುಗಿದಳು. "ಇವು ನಿಮ್ದಾ?"

ಮಿಲ್ಟನ್ ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದ. "ಎಲ್ಲ ತನ್ನವೇ ಅಂತ ಆಗ್ಲೇ ಅವನೇ ಹೇಳಿದ್ನಲ್ಲ ಮೇಡಂ. ನಾವ್ಯಾಕೆ ಕಳ್ರು ಅನ್ನಿಸ್ಕೋಬೇಕು? ಅವನವೇ."

ಮಾವ ಹೌದೆಂದು ತಲೆಯಾಡಿಸಿದರು. ಬೆಳಗಿನಿಂದ ಒಂದು ಹಕ್ಕಿಗಾಗಿ ಜಗಳಾಡಿದವನಿಗೆ ಇಪ್ಪತ್ತಾರೂ ಅವಿರೋಧವಾಗಿ ಸಂದವು. ಹದಿನೈದರ ಮಿತಿ ಮೀರಿದ್ದಕ್ಕೆ ವಾರ್ಡನ್ ಅವನ ಹೆಸರಿಗೆ ದಂಡದ ಚೀಟಿ ಬರೆದುಕೊಟ್ಟು, ಹಕ್ಕಿಗಳನ್ನು ಒಂದೂ ಬಿಡದೆ ಗಾಡಿಗೆ ತುಂಬಿಸಿಕೊಂಡು ಹೋದಳು.

ಸಂಜೆ ಲೈಲ್ ತಲೆ ತಗ್ಗಿಸಿ ಮಕ್ಕಳ ಮೇಜಿನ ಕಡೆ ನಡೆದ. ಮಾವ ಅಡ್ಡ ಬಂದರು.

"ಎಲ್ಲಿಗೆ? ಅಲ್ಲಿ ನಾನೂ ಮಿಲ್ಟನ್ನೂ ಕೂರ್ಬೇಕು. ನಮ್ಗೆ ಇವತ್ತು ಒಂದ್ ಹಕ್ಕೀನೂ ಇಲ್ಲ. ಹೊಡ್ದೋನು ನೀನು, ಸರ್ಕಾರನೇ ಬರ್ಕೊಟ್ಟಿದೆ. ಹೋಗು, ನಿನ್ನ ಜಾಗ ಅಲ್ಲಿದೆ."

ಹಾಗೆ ಲೈಲ್ ಓಕ್ ಮರದ ಉದ್ದನೆಯ ಮೇಜಿನ ತಲೆಯಲ್ಲಿ ಕೂತ. ಒಬ್ಬನೇ. ದೊಡ್ಡವರ ಮೇಜಿಗೆ ಬೇಯಿಸಬೇಕಾಗಿದ್ದದ್ದು ವಾರ್ಡನ್ನಳ ಗಾಡಿಯಲ್ಲಿ ಹೋಗಿತ್ತು; ಮುಂದೆ ಉಪ್ಪಿನಕಾಯಿ ಮಾತ್ರ ಇತ್ತು. ಆ ಕಡೆ ಪುಟ್ಟ ಕುರ್ಚಿಗಳಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಮಾವ, ಮಿಲ್ಟನ್, ಮಕ್ಕಳೆಲ್ಲ ಕರಿದ ಕೋಳಿ ಕಚ್ಚುತ್ತ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಹೋದ ವರ್ಷದ ಹುಡುಗಿ ಮಿಲ್ಟನ್ನನನ್ನು ಯಾವ ಕ್ಲಾಸು ಎಂದು ಕೇಳುತ್ತಿದ್ದಳು.

ಲೈಲ್‌ನ ತೊಡೆಯ ಮೇಲೆ ಏನೋ ಭಾರವಾಯಿತು. ಬಗ್ಗಿ ನೋಡಿದ. ಡಚೆಸ್ ಮೇಜಿನ ಕೆಳಗಿನಿಂದ ತಲೆಯಿಟ್ಟು ಅವನನ್ನೇ ನೋಡುತ್ತಿತ್ತು. ಬಾಯಲ್ಲಿ ಅತ್ತೆಯ ಹೇಂಟೆ ಇತ್ತು, ಇನ್ನೂ ಜೀವಂತ. ಅದು ಹೇಂಟೆಯನ್ನು ಅವನ ಪಾದದ ಮೇಲಿಟ್ಟು ಬನ್ನಿಗಾಗಿ ಕಾದು ಕೂತಿತು.